ಅಜ್ಜಿಯ ಎಡೆಗೆ ವಿಡಿಯೋ ಗೇಮು

ಬದುಕಿರುವವರಿಗೆ ಸುಳ್ಳು ಹೇಳಿ ಬಚಾವಾಗಬಹುದು. ಅವರಿಗೆ ಮರೆವಿದೆ, ಮುಲಾಜಿದೆ, ಬಿ.ಪಿ. ಮಾತ್ರೆಯ ಚಿಂತೆಯಿದೆ. ಸತ್ತವರ ವಿಷಯ ಹಾಗಲ್ಲ. ನಮ್ಮ ಅರಕೆರೆಯಲ್ಲಿ ಅವರು ವರ್ಷಕ್ಕೊಮ್ಮೆ, ಮಹಾಲಯ ಅಮಾವಾಸ್ಯೆಯ ದಿನ, ಊಟಕ್ಕೆ ಬರುತ್ತಾರೆ. ಅವರಿಗೆ ಇಷ್ಟವಾದದ್ದನ್ನೆಲ್ಲ ಎಡೆಯಿಟ್ಟು, ಧೂಪ ಹಾಕಿ, ಬಾಗಿಲು ಮುಚ್ಚಿ ನಾವೆಲ್ಲ ಜಗಲಿಯಲ್ಲಿ ಕಾಯಬೇಕು. ಒಳಗೆ ಅವರು ಏನೇನು ನೋಡುತ್ತಾರೋ ಯಾರಿಗೆ ಗೊತ್ತು! ಕೆ.ಆರ್. ಪೇಟೆಯ ಹೈಸ್ಕೂಲೊಂದರಲ್ಲಿ ಮಕ್ಕಳಿಗೆ ಸತ್ಯದ ಮಹಿಮೆ ಬೋಧಿಸುವ ನಾನು ಈ ಸಲ ಆ ಮುಚ್ಚಿದ ಬಾಗಿಲ ಮುಂದೆ ಬೆವರುತ್ತ ಕೂತಿದ್ದೆ. ಕಾರಣ ಒಂದು ಹಳೆಯ ವಿಡಿಯೋ ಗೇಮು.

ಅದರ ವಂಶಾವಳಿಯನ್ನು ಮೊದಲು ಹೇಳಿಬಿಡುತ್ತೇನೆ. ಮೂಲಪುರುಷ ಹುಟ್ಟಿದ್ದು ಜಪಾನಿನಲ್ಲಂತೆ. ಟಿ.ವಿ.ಗೆ ವೈರು ಸಿಕ್ಕಿಸಿ, ಮೇಲೆ ಕ್ಯಾಸೆಟ್ಟು ಚುಚ್ಚಿದರೆ ಆಟ ಬರುವ ಪೆಟ್ಟಿಗೆ. ಅದನ್ನಾಡಿ ಅಮೆರಿಕದ ಮಕ್ಕಳೂ ಪುಸ್ತಕ ಮುಚ್ಚಿಟ್ಟರಂತೆ. ಯಾರೋ ಅದನ್ನು ನೋಡಿ ಹಾಗೆಯೇ ಇನ್ನೊಂದು ಮಾಡಿದರು, ಅವರನ್ನು ನೋಡಿ ಮತ್ಯಾರೋ ಮಾಡಿದರು. ಹೀಗೆ ನಕಲಿನ ನಕಲು ಮೈಸೂರಿನ ಅಂಗಡಿಗೆ ಬಂದು, ಶ್ರೀರಂಗಪಟ್ಟಣದಲ್ಲಿ ಬಸ್ಸು ಬದಲಿಸಿ, ನಮ್ಮಪ್ಪನ ತೊಡೆಯ ಮೇಲೆ ಕೂತು ಅರಕೆರೆ ತಲುಪುವ ಹೊತ್ತಿಗೆ ಮೂಲಪುರುಷನಿಗೂ ಅದಕ್ಕೂ ಉಳಿದಿದ್ದು ಬಣ್ಣದ ಸಂಬಂಧ ಮಾತ್ರ. ಕ್ಯಾಸೆಟ್ಟಿನ ಮೇಲೆ ಸಾವಿರಾರು ಆಟಗಳು ಎಂದು ಬರೆದಿತ್ತು. ಹುಡುಕಿದರೆ ಸಿಕ್ಕಿದ್ದು ಎಂಟು. ಮಿಕ್ಕವೆಲ್ಲ ಅವೇ, ಹೆಸರು ಬದಲಿಸಿಕೊಂಡು ಬಂದಿದ್ದವು. ನನ್ನ ಪ್ರಶ್ನೆಪತ್ರಿಕೆಗಳಲ್ಲಿ ಈ ವಿದ್ಯೆ ಇಂದಿಗೂ ಬಳಕೆಯಲ್ಲಿದೆ.

ಎಂಟರಲ್ಲಿ ಅಜ್ಜಿಗೆ ಹಿಡಿಸಿದ್ದು ಟ್ಯಾಂಕಿನ ಆಟ. ಕೆಳಗೆ ಇಟ್ಟಿಗೆ ಗೋಡೆಯೊಳಗೆ ಒಂದು ಹದ್ದು ಕೂತಿರುತ್ತದೆ, ಶತ್ರುಗಳ ಟ್ಯಾಂಕು ಅದನ್ನು ಹೊಡೆಯದಂತೆ ಕಾಯಬೇಕು. ಅದಕ್ಕೆ ಒಂದು ಗುಂಡು ಬಿದ್ದರೆ ಆಟ ಮುಗಿಯಿತು. ಆಗ ನಾನಿನ್ನೂ ಹುಡುಗ. ಮೊದಲ ದಿನ ಎರಡನೆಯ ರಿಮೋಟು ಅಜ್ಜಿಯ ಕೈಗೆ ಕೊಟ್ಟೆ. ಅವಳು ತಿರುಗಿ ನಮ್ಮ ಹದ್ದಿಗೇ ಗುಂಡು ಹೊಡೆದಳು. ಎರಡನೆಯ ದಿನವೂ ಅದೇ. ಮೂರನೆಯ ದಿನ ನಾನು ಅವಳ ರಿಮೋಟಿನ ವೈರು ಕಿತ್ತು ಟಿ.ವಿ. ಹಿಂದೆ ತುರುಕಿದೆ. "ಅಜ್ಜಿ, ಇನ್ಮೇಲೆ ಇಬ್ರಿಗೂ ಒಂದೇ ಟ್ಯಾಂಕು" ಅಂದೆ. ಅವಳು ನಂಬಿದಳು. ಬಾಯಲ್ಲಿ ಹೊಗೆಸೊಪ್ಪು ಇಟ್ಟುಕೊಂಡು, ಎಲ್ಲಿಗೂ ಸೇರದ ರಿಮೋಟನ್ನು ರಾಗಿ ಬೀಸುವ ರಭಸದಲ್ಲಿ ಒತ್ತುತ್ತಿದ್ದಳು. ಆಡುತ್ತಿದ್ದವನು ನಾನು, ಗೆಲ್ಲುತ್ತಿದ್ದವಳು ಅವಳು. ಪಕ್ಕದ ಬೀದಿಯವರೂ ನೋಡಲು ಬರುತ್ತಿದ್ದರು. ಅರಕೆರೆಯಲ್ಲಿ ಅವಳನ್ನು ಸೋಲಿಸುವವರಿಲ್ಲ ಎಂದು ದೊಡ್ಡಪ್ಪ ತೊಣ್ಣೂರಿನ ನೆಂಟರ ಮನೆಯವರೆಗೂ ಸಾರಿ ಬಂದಿದ್ದರು. ಕಿತ್ತ ವೈರಿನ ಸತ್ಯವನ್ನು ನಾನು ಯಾರಿಗೂ ಹೇಳಲಿಲ್ಲ. ಈ ವರ್ಷ ಅಜ್ಜಿ ತೀರಿಕೊಂಡಾಗಲೂ ಹೇಳಲಿಲ್ಲ.

ಅವಳಿಗೆ ಇದು ಮೊದಲ ಪಿತೃಪಕ್ಷ. ಮುದ್ದೆ, ಮಟನ್ ಸಾರು, ವಡೆ, ಹೊಗೆಸೊಪ್ಪು, ಹೊಸ ಸೀರೆ ಎಲ್ಲ ಜೋಡಿಸಿದ ಮೇಲೆ ದೊಡ್ಡಪ್ಪ ಅಟ್ಟದಿಂದ ಆ ಪೆಟ್ಟಿಗೆ ಇಳಿಸಿದರು. "ಅವ್ವುಂಗೆ ಇದುಕ್ಕಿಂತ ಇಷ್ಟವಾದ್ದು ಏನ್ಲಾ ಇತ್ತು? ಹಚ್ಚು. ಆಟ ಸುರು ಮಾಡೇ ಬಾಗ್ಲು ಮುಚ್ಚಾದು." ಕೆಟ್ಟಿರಲಿ ದೇವರೇ ಎಂದು ಬೇಡಿಕೊಂಡೆ. ಅದು ಹೊಸ ಟಿ.ವಿ.ಗೂ ಹೊಂದಿಕೊಂಡು ಹಾಡಿತು. ಪಾಪಪ್ರಜ್ಞೆಯಿಂದ, ಮೂವತ್ತು ವರ್ಷಗಳಲ್ಲಿ ಮೊದಲ ಬಾರಿಗೆ, ಅಜ್ಜಿಯ ರಿಮೋಟಿನ ವೈರನ್ನು ಪೆಟ್ಟಿಗೆಗೆ ಸಿಕ್ಕಿಸಿದೆ. ಇಬ್ಬರ ಆಟವನ್ನೇ ಆರಿಸಿದೆ. ಬಾಗಿಲು ಮುಚ್ಚಿತು.

ಎಲ್ಲರೂ ಜಗಲಿಯಲ್ಲಿ ಕಿವಿಗೊಟ್ಟು ಕೂತೆವು. ಒಳಗಿನಿಂದ ಟ್ಯಾಂಕುಗಳ ಗುರುಗುರು, ಗುಂಡಿನ ಸದ್ದು. ನಿಮಿಷವೂ ಆಗಿರಲಿಲ್ಲ, ಆಟ ಸೋತಾಗ ಬರುವ ಗೋಳು ರಾಗ ಕೇಳಿಸಿತು.

ದೊಡ್ಡಪ್ಪನ ಮುಖ ಬಿಳುಚಿಕೊಂಡಿತು. "ಅವ್ವ ಸೋತ್ಲಾ? ಇಷ್ಟ್ ಬಿರ್ನೆ? ಆಗಾಕಿಲ್ಲ. ಅವ್ವ ಬಂದೇ ಇಲ್ಲ ಕಣ್ರಲಾ. ಎಡೇಲಿ ಏನೋ ತಪ್ಪಾಗದೆ. ಯಾರು ಮೊದ್ಲೇ ಬಾಯಿಗಿಕ್ಕಿದ್ದು? ಹೇಳ್ಬುಡಿ."

ಎಡೆಯ ಅಡುಗೆಯನ್ನು ಮೊದಲೇ ರುಚಿ ನೋಡುವಂತಿಲ್ಲ. ನಾಗಮಂಗಲಕ್ಕೆ ಕೊಟ್ಟ ನಮ್ಮಕ್ಕ ಬೆಳಗಿನಿಂದ ಒಲೆ ಮುಂದೆ ನಿಂತಿದ್ದವಳು, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. "ಉಪ್ಪು ಜಾಸ್ತಿ ಆಯ್ತೇನೋ ಅಂತ ಒಂದ್ ತೊಟ್ಟು ಅಂಗೈಗಾಕ್ಕಂಡು ನೆಕ್ದೆ ದೊಡ್ಡಪ್ಪ. ಅಜ್ಜಿ ನನ್ ಮ್ಯಾಲೆ ಮುನಿಸ್ಕಂಡ್ಬುಟ್ಲಾ?" ಎಂದು ಅಳತೊಡಗಿದಳು. ಅವಳನ್ನು ಸಾಕಿ ಬೆಳೆಸಿದ್ದೇ ಅಜ್ಜಿ. ಇಡೀ ಜಗಲಿ ಅವಳನ್ನೇ ನೋಡುತ್ತಿತ್ತು. ನನ್ನ ಬಾಯಿ ತಾನಾಗಿಯೇ ತೆರೆಯಿತು.

ಎಲ್ಲ ಹೇಳಿದೆ. ಕಿತ್ತ ವೈರು, ಒಂದೇ ಟ್ಯಾಂಕಿನ ಸುಳ್ಳು, ಆಡುತ್ತಿದ್ದವನು ನಾನೊಬ್ಬನೇ ಎನ್ನುವುದು. ಹೇಳಿ ತಲೆ ತಗ್ಗಿಸಿ ಏಟಿಗೆ ಕಾದೆ.

ದೊಡ್ಡಪ್ಪ ನನ್ನ ಹೆಗಲ ಮೇಲೆ ಕೈಯಿಟ್ಟರು. "ಅಕ್ಕನ್ನ ಉಳ್ಸಕ್ಕೆ ತಪ್ಪು ನಿನ್ ತಲೆ ಮ್ಯಾಕೆ ಆಕ್ಕಂಡಲ್ಲ, ತಮ್ಮ ಅಂದ್ರೆ ಇಂಗಿರ್ಬೇಕು ಕಣ್ಲಾ."

"ಸುಳ್ಳಲ್ಲ ದೊಡ್ಡಪ್ಪ, ನಿಜವಾಗ್ಲೂ ನಾನೇ ಆಡ್ತಿದ್ದಿದ್ದು!"

"ಅವ್ವ ಆಡ್ತಿದ್ದುದ್ದ ನಾನೇ ಕಣ್ಣಾರೆ ನೋಡಿವ್ನಿ. ಸರಿ ಬುಡು, ನೀನೊಬ್ನೇ ಆಡ್ತಿದ್ದೆ ಅಂತೀಯಲ್ಲ, ಈಗ ಆಡಿ ತೋರ್ಸು."

ಬಾಗಿಲು ತೆರೆದರು. ಧೂಪದ ಹೊಗೆಯ ನಡುವೆ, ಅಜ್ಜಿಯ ಫೋಟೋ ಮುಂದೆ, ಒಬ್ಬರ ಆಟ ಆರಿಸಿ ಚಕ್ಕಳಮಕ್ಕಳ ಹಾಕಿ ಕೂತೆ. ಬೆನ್ನ ಹಿಂದೆ ಇಡೀ ಮನೆತನ. ನನ್ನ ಮಾತು ನಿಜವೆಂದು ಸಾಬೀತಾಗಬೇಕಾದರೆ ಗೆಲ್ಲಬೇಕು. ನನ್ನ ಟ್ಯಾಂಕು ಎಡಕ್ಕೆ ಎಂದರೆ ಗೋಡೆಗೆ ಮುಖ ಕೊಟ್ಟು ನಿಂತಿತು, ಬಲಕ್ಕೆ ಎಂದರೆ ಗುಂಡಿಗೆ ಎದೆ ಕೊಟ್ಟಿತು. ಕಡೆಗೆ ಗಾಬರಿಯಲ್ಲಿ ತಿರುಗಿ ನಾನೇ ನಮ್ಮ ಹದ್ದಿಗೆ ಹೊಡೆದುಬಿಟ್ಟೆ.

ದೊಡ್ಡಪ್ಪ ನ್ಯಾಯಾಧೀಶರ ಹಾಗೆ ಎದ್ದು ನಿಂತರು. "ನೋಡಿದ್ರಾ? ಇವ್ನೊಬ್ನೇ ಆಡುದ್ರೂ ಸೋತ. ಒಳುಗೆ ಅವ್ವ ಒಬ್ಳೇ ಆಡುದ್ರೂ ಸೋತ್ಳು. ಇಬ್ರೂ ಸೇರುದ್ರೇನೇ ಗೆಲ್ಲಾದು. ಅವ್ವ ಬಂದಿದ್ಳು ಕಣವ್ವ, ಉಪ್ಪಿನ ಮಾತು ಬುಟ್ಬುಡು, ಎಲೆ ಹಾಕು." ಅಕ್ಕ ಕಣ್ಣೊರೆಸಿಕೊಂಡು, ನಗುತ್ತ ಒಳಗೆ ಹೋದಳು.

ನಾನು ಮಾತ್ರ ಏಳಲಿಲ್ಲ. ಅಜ್ಜಿಯನ್ನು ಮೋಸಗೊಳಿಸಿದ ನಾಚಿಕೆ ಇಷ್ಟು ವರ್ಷ ನನಗಿತ್ತು, ನಿಜ. ಅದರ ಜೊತೆಗೆ, ಅಷ್ಟೂ ಆಟ ಗೆದ್ದವನು ನಾನು ಎಂಬ ಹೆಮ್ಮೆಯೂ ಗುಟ್ಟಾಗಿ ಇತ್ತು ಎಂದು ಈಗಷ್ಟೇ ತಿಳಿಯಿತು. ಮಟನ್ ಸಾರಿನ ವಾಸನೆ ಬರುತ್ತಿದ್ದರೂ ಮತ್ತೊಮ್ಮೆ ಆಟ ಹಚ್ಚಿದೆ. ಈ ಸಲ ನೋಡುವವರಿರಲಿಲ್ಲ, ಗಾಬರಿಯಿರಲಿಲ್ಲ, ಮನಸ್ಸಿಟ್ಟು ಆಡಿದೆ. ಮೊದಲನೆಯದಕ್ಕಿಂತ ಬೇಗ ಸೋತೆ.