ಮಾವನ ಮರದ ಸೂರು

ನಮ್ಮ ಮನೆಯ ಸೂರಿನ ಹಣೆಬರಹವನ್ನು ನಾನೇ, ನಾನೊಬ್ಬನೇ ಬರೆಯುತ್ತೇನೆಂದು ಆ ಶುಕ್ರವಾರ ಪಣ ತೊಟ್ಟೆ. ಮಾರ್ತಾಪುರದ ಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ಲೆಕ್ಕ ಕಲಿಸಿದ ಈ ಮಸ್ರಾನಿ ಮೇಷ್ಟ್ರಿಗೆ ಸೂರೂ ಒಂದು ಲೆಕ್ಕವೇ!

ಸೂರಿಗೆ ಹೊದಿಸಿದ್ದು ಕಬ್ಬಿಣದಷ್ಟು ಗಟ್ಟಿಯಾದ ಉಲಿನ್ ಮರದ ಹಲಗೆಗಳು. ಮಾವ ಕೈಯಾರೆ ಸೀಳಿದ್ದು. ಹೆಂಡತಿ ರುಸ್ಮಿನಾಳಿಗೆ ನ್ಯಾಯವಾಗಿಯೇ ವಿವರಿಸಿದೆ: "ಮರ ತಂಪು. ಮಳೆ ಸದ್ದು ಕೇಳಲ್ಲ. ಮೊಮ್ಮಕ್ಕಳ ಕಾಲಕ್ಕೂ ಕೊಳೆಯಲ್ಲ."

"ಹಾಗಾದ್ರೆ ಬಿಟ್ಬಿಡಿ, ಅಬಾ." ಮಕ್ಕಳಂತೆ ಅವಳೂ ನನ್ನನ್ನು ಅಬಾ ಎನ್ನುತ್ತಾಳೆ.

"ಆದ್ರೆ ಭಾರ. ಮರ ಗಟ್ಟಿ, ಮೊಳೆಗೆ ತುಕ್ಕು. ಹಲಗೆ ಜಾರಿದ್ರೆ ಹೊಸ ಉಲಿನ್ ಎಲ್ಲಿ ತರ್ಲಿ? ತಗಡೇ ವಾಸಿ."

"ಅಪ್ಪ ಒಪ್ಪಲ್ಲ."

"ನಿಮ್ಮಪ್ಪ ತೀರಿ ಹತ್ತು ವರ್ಷ ಆಯ್ತಲ್ಲೇ."

"ಅದಕ್ಕೇ ಹೇಳ್ತಿರೋದು."

ನಾನು ನಕ್ಕು ಏಣಿ ಇಟ್ಟೆ. ಅವಳು ಕಾಫಿ ತಂದಳು. ನಮ್ಮಲ್ಲಿ ಕೊಟ್ಟದ್ದನ್ನು ಕುಡಿಯದಿದ್ದರೂ ಬೆರಳ ತುದಿಯಿಂದಾದರೂ ಮುಟ್ಟಬೇಕು, ಇಲ್ಲದಿದ್ದರೆ ಕೇಡು ಬೆನ್ನು ಹತ್ತುತ್ತದೆ. "ಒಂಚೂರು ಮುಟ್ಟಿ ಹೋಗಿ," ಎಂದಳು. ವಿಚಾರವಂತನಾದ ನಾನು ಮುಟ್ಟದೆ ಹತ್ತಿದೆ. ಅವಳು ಮುಖ ಊದಿಸಿಕೊಂಡು ನದಿಗೆ ಬಟ್ಟೆ ಒಗೆಯಲು ಹೋದಳು.

ಮೇಲೆ ಮುಸ್ಸಂಜೆ. ನದಿಯಲ್ಲಿ ಒಂದು ದೋಣಿಯೂ ಇಲ್ಲ. ಒಂದು ಹಲಗೆ ಕಿತ್ತು ಅಟ್ಟದೊಳಗೆ ಬಿಟ್ಟು ಮುಂದಕ್ಕೆ ಸರಿದೆ. ಕೆಳಗಿನಿಂದ ಟೊಕ್, ಟೊಕ್, ಟೊಕ್. ಇಲಿ ಇರಬೇಕು ಅಂದುಕೊಂಡೆ. ಎರಡನೆಯದು ಕಿತ್ತೆ. ಮತ್ತೆ ಮೂರು ಬಡಿತ. ಇಲಿಗೆ ಎಣಿಕೆ ಬರುತ್ತದೆಯೇ?

"ರುಸ್ಮಿನಾ, ನೀನೇನೇ?"

"ಏನ್ರೀ?" ಅವಳ ದನಿ ದೂರದ ನದಿಯ ಮೆಟ್ಟಿಲಿನಿಂದ ಬಂತು.

ಮೂರನೆಯದನ್ನೂ ನಾಲ್ಕನೆಯದನ್ನೂ ಕಿತ್ತು ಹಿಂತಿರುಗಿ ನೋಡಿದೆ. ಕಿತ್ತದ್ದು ನಾಲ್ಕು. ಕಂಡ ತೂತು ಒಂದೇ. ಉಳಿದ ಮೂರೂ ಹಲಗೆಗಳು ಸ್ವಸ್ಥಾನದಲ್ಲಿ ತೆಪ್ಪಗೆ ಕೂತಿದ್ದವು. ಇಪ್ಪತ್ತೆಂಟು ವರ್ಷದ ಲೆಕ್ಕ ಕೈಕೊಟ್ಟಿತು. ಅಷ್ಟರಲ್ಲಿ ಆ ಒಂದೇ ತೂತಿನಿಂದ ಸುಕ್ಕುಗಟ್ಟಿದ, ಧೂಳು ಮೆತ್ತಿದ ಕೈಯೊಂದು ಹಲಗೆ ಹಿಡಿದು ಮೇಲೆದ್ದಿತು.

ಜಾರಿದೆ. ಲುಂಗಿ ಮೊಳೆಗೆ ಸಿಕ್ಕಿ, ಸೂರಿನಂಚಿಗೆ ಬಾವಲಿಯಂತೆ ನೇತಾಡಿದೆ. "ಮಾವಾ, ತಪ್ಪಾಯ್ತು! ತಗಡು ಬೇಡ! ನಿಮ್ಮ ಮಗಳ ಮಾತು ಇನ್ನು ಮೀರಲ್ಲ!" ಇಡೀ ದಂಡೆಗೆ ಕೇಳಿಸಿತು. ರುಸ್ಮಿನಾ ಒದ್ದೆ ಬಟ್ಟೆ ಬಿಟ್ಟು ಓಡಿ ಬಂದಳು.

ತೂತಿನಿಂದ ಒಂದು ತಲೆ ಹೊರಬಂತು. ಸೂರು ರಿಪೇರಿಯ ಮುದುಕ ಸರ್ಕಾನಿ. "ನಾನು ಮೇಷ್ಟ್ರೇ. ಹಲಗೆ ಜಾರಿದ್ರೆ ಸರಿ ಮಾಡ್ಕೊಡು ಅಂತ ನಿಮ್ಮ ಮನೆಯವ್ರು ಹೇಳಿಕಳಿಸಿದ್ರು."

ನನಗೆ ಜೀವ ಬಂತು, ಬೆನ್ನಿಗೇ ಸಿಟ್ಟೂ ಬಂತು. "ಹಾಗಿದ್ರೆ ಆ ಮೂರನ್ನೂ ನೀನೇ ಕೂರಿಸಿದ್ದು!"

"ಯಾವ ಮೂರು? ನಾನು ಅಟ್ಟ ಹತ್ತಿದ್ದೇ ಈಗ. ಇದೇ ಮೊದಲನೇದು."

ಅಟ್ಟದೊಳಗೆ, ಸರ್ಕಾನಿಯ ಬೆನ್ನ ಹಿಂದೆ, ಯಾರೋ ಮೆಲ್ಲಗೆ ಕೆಮ್ಮಿದರು. ಸರ್ಕಾನಿ ನನಗಿಂತ ಮೊದಲು ನೆಲ ಮುಟ್ಟಿದ.

ರುಸ್ಮಿನಾ ಕೆಳಗಿನಿಂದ ನನ್ನ ಮುಖ ನೋಡಿದಳು. "ಈಗೇನ್ಮಾಡೋಣ ಅಬಾ? ತಗಡೋ, ಮರವೋ?"

"ನನ್ನನ್ನ್ಯಾಕೆ ಕೇಳ್ತೀಯ," ಎಂದೆ ತಲೆಕೆಳಗಾಗಿ. "ಮನೆ ಯಜಮಾನ್ರು ಮೇಲಿದ್ದಾರೆ."