ಮಲಪ್ರಭೆಯ ನೀರಿನ ಗುಣ

ಆ ದಿನದ ಅನಾಹುತಕ್ಕೆಲ್ಲ ಮೂಲ ಒಂದು ಪಾತೇಲಿ ಸೀದ ಅನ್ನ.

೧೯೨೬ರ ಮಾಗಿ. ಬೆಳಗಾವಿಯ ಮನೆಯಲ್ಲಿ ಕಾಶೀಬಾಯಿ ಮುಟ್ಟಾಗಿ ಹಿತ್ತಲ ಪಡಸಾಲೆಯಲ್ಲಿ ದೂರ ಕೂತಿದ್ದಳು. ಮೂರು ದಿನ ಒಲೆ ಮುಟ್ಟುವಂತಿಲ್ಲ. ಗಂಡ ಮಾರ್ತಾಂಡರಾಯರು ಧೋತರ ಎತ್ತಿ ಕಟ್ಟಿ, ಒಲೆಯ ಮುಂದೆ ರೈಲು ಎಂಜಿನ್ನಿನ ಹಾಗೆ ಹೊಗೆ ಬಿಡುತ್ತಿದ್ದರು.

“ಸಾರಿಗೆ ಉಪ್ಪು ಹಾಕೀರೇನು?” ಕಾಶೀಬಾಯಿ ಕೂತಲ್ಲಿಂದಲೇ ಕೇಳಿದಳು.

“ಎರಡ ಸಲ ಹಾಕೀನಿ!”

ಆಕೆ ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಆ ಮನೆಯಲ್ಲಿ ಆಕೆಯ ನಗು ಕೇಳುತ್ತಿದ್ದುದು ತಿಂಗಳಿಗೆ ಆ ಮೂರೇ ದಿನ.

“ಬಿಂದೂ, ಇದನ್ನ ತಿನ್ನೂದಕಿಂತ ಖಾನಾಪುರಕ್ಕ ಹೋಗೂಣು ನಡಿ. ಮಾಮಾನ ಮನ್ಯಾಗರೆ ಊಟಾ ಸಿಕ್ಕೀತು,” ಎಂದರು ರಾಯರು.

ತಮ್ಮ ಬಿಂದುಮಾಧವನಿಗೂ ಅದೇ ಬೇಕಿತ್ತು. ಮುಂಬಯಿಯಲ್ಲಿ ಡಾಕ್ಟರಿಕೆ ಓದಿ ಬಂದವನು. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಹೆಂಗಸರ ಮೈಯೊಳಗೆ ಏನಾಗುತ್ತದೆ, ಯಾವ ಗ್ರಂಥಿಯ ರಸ ಬತ್ತುತ್ತದೆ ಎಂಬುದೇ ಅವನ ಸಂಶೋಧನೆ. ಅದಕ್ಕೆ ಕಾರಣವಿತ್ತು. ಅವನು ಚಿಕ್ಕವನಿದ್ದಾಗ, ತಾಯಿ ಆ ವಯಸ್ಸಿನಲ್ಲಿ ನಿದ್ದೆಗೆಟ್ಟು ಬೆವರಿ ಕೂಗಾಡಿದ್ದಕ್ಕೆ, ದೆವ್ವ ಬಡಿದಿದೆ ಎಂದು ಬೇವಿನ ಸೊಪ್ಪಿನಿಂದ ಹೊಡೆಸಿದ್ದರು. ಅದು ದೆವ್ವವಲ್ಲ, ರೋಗವೂ ಅಲ್ಲ ಎಂದು ಸಾರಿ ಹೇಳುವ ಹಟ ಅವನದು. ಆದರೆ ಬೆಳಗಾವಿಯ ಹೆಂಗಸರು ಅವನನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತಿದ್ದರು.

ಖಾನಾಪುರದಲ್ಲಿ ಸೋದರಮಾವ ಕೃಷ್ಣಾಜಿ ಸೌಟು ಹಿಡಿದೇ ಬಾಗಿಲಿಗೆ ಬಂದರು. ಮೂಗಿನ ಮೇಲೆ ಮಸಿ. ಶುಭದಾ ಮಾಮಿಯೂ ಹೊರಗೆ ಕೂತಿದ್ದಳು!

“ಐವತ್ತಾರು ವರ್ಷಾತು ನಿಮ್ಮ ಮಾಮಿಗೆ. ಇನ್ನೂ ತಿಂಗಳಾ ತಪ್ಪಿಲ್ಲ ನೋಡ್ರಪಾ!” ಎಂದರು ಕೃಷ್ಣಾಜಿ, ಅರ್ಧ ಸಂಕಟ, ಅರ್ಧ ಜಂಬದಿಂದ.

ಬಿಂದುಮಾಧವ ತನ್ನ ಸಂಶೋಧನೆಯ ಮಾತೆತ್ತಿದ್ದೇ ತಡ, ಮಾಮಿ ಓಣಿಯ ಹಿರಿಯ ಹೆಂಗಸರನ್ನೆಲ್ಲ ಹಿತ್ತಲಿಗೆ ಕರೆಸಿದಳು. ಅವನು ಗೋಡೆಯ ಈಚೆ ಕೂತು ಪ್ರಶ್ನೆ ಕೇಳಿದ. ಆಚೆಯಿಂದ ಎಲ್ಲರದೂ ಒಂದೇ ಉತ್ತರ: “ಇನ್ನೂ ನಡದದ.” ಅರವತ್ತರ ಅಜ್ಜಿಯದೂ ಅದೇ! ಆಮೇಲೆ ಕಿಸಕ್ಕೆಂದು ನಗು.

ಡಾಕ್ಟರನಿಗೆ ತಲೆ ತಿರುಗಿತು. ವಿಲಾಯತಿಯ ಪಂಡಿತರಿಗೆ ಗೊತ್ತಿಲ್ಲದ ಸಂಗತಿ! ಉಬ್ಬಿದ ಪೂರಿಯಂತಾಗಿ ಕಟ್ಟೆಗೆ ಬಂದ. ಅಲ್ಲಿ ಓಣಿಯ ಗಂಡಸರೆಲ್ಲ ನೆರೆದಿದ್ದರು. ಮಾರ್ತಾಂಡರಾಯರು ಮಾತ್ರ ಮೂಲೆಯ ಕಂಬಕ್ಕೊರಗಿ, ಟೋಪಿ ಮುಖದ ಮೇಲೆಳೆದುಕೊಂಡು ಗೊರಕೆ ಹೊಡೆಯುತ್ತಿದ್ದರು.

“ಎಲ್ಲಾ ನಮ್ಮ ಮಲಪ್ರಭಾ ನೀರಿನ ಗುಣಾ!” ಎಂದು ಕೃಷ್ಣಾಜಿ ಮೀಸೆ ತಿರುವಿದರು.

ಅಲ್ಲಿಗೆ ಬಿಡಬಹುದಿತ್ತು. ಆದರೆ ಕೇಳುವ ಕಿವಿ ಕಂಡಾಗ ಓದಿದವನ ನಾಲಗೆ ಸುಮ್ಮನಿದ್ದೀತೇ?

“ಮುಂದ ಅವರ ಮುಟ್ಟು ನಿಂತಾಗ ನೀವು ಅಂಜಬ್ಯಾಡ್ರಿ,” ಎಂದ. “ಗುರ್ತು ಹೇಳ್ತೀನಿ. ಚಳ್ಯಾಗೂ ಮೈ ಝಳಾ ಹೊಡೀತದ, ಬೆವರು ಇಳೀತದ, ನಿದ್ದಿ ಹತ್ತೂದಿಲ್ಲ, ಸುಮ್ಮಸುಮ್ಮನ ಸಿಟ್ಟು ಬರ್ತದ. ಅದು ದೆವ್ವಲ್ಲ, ಜಡ್ಡೂ ಅಲ್ಲ.”

ಕೃಷ್ಣಾಜಿ ಮೀಸೆಯಿಂದ ಕೈ ತೆಗೆದರು.

“ಇಂಥಾ ಮಾಗ್ಯಾಗ ನಮ್ಮಾಕಿ ಮೊರದಿಂದ ಗಾಳಿ ಹಾಕ್ಕೋತಾಳಲ್ಲಾ?” ಎಂದರು ಕೃಷ್ಣಾಜಿ, ಮೆಲ್ಲಗೆ.

“ನಮ್ಮಾಕಿ ನಡುರಾತ್ರಿ ಹೊಚಗೊಂಡಿದ್ದು ಒಗದು ಎದ್ದು ಕೂಡ್ತಾಳ,” ಎಂದ ನೆರೆಮನೆಯವ.

ಕೃಷ್ಣಾಜಿ ಸೌಟು ಬಿಸಾಕಿ ಹಿತ್ತಲಿಗೆ ನುಗ್ಗಿದರು. “ಏಳು! ಸ್ನಾನಾ ಮಾಡಿ ಒಲಿ ಮುಂದ ಕೂಡು! ಸುಳ್ಳ ಸುಳ್ಳ ಹೊರಗ ಕೂತು ಇಷ್ಟ ವರ್ಷ ನನ್ನ ಕೈಲೆ ಅಡಗಿ ಮಾಡಿಸಿದಿ!”

“ಮಾಮಾ, ಆಕಿಗೆ ವಿಶ್ರಾಂತಿ ಬೇಕ್ರಿ!” ಬಿಂದುಮಾಧವ ಬೆನ್ನು ಹತ್ತಿದ.

“ಯಾಕ? ಜಡ್ಡಲ್ಲಂತ ನೀನ ಅಂದೆಲ್ಲಾ!”

ತಾಯಿಗಾಗಿ ಕಾದಿಟ್ಟುಕೊಂಡಿದ್ದ ಮಾತು ಅದು.

ಮಾಮಿ ಕಂಬಳಿ ಮಡಚುತ್ತ ಅವನತ್ತ ನೋಡಿದಳು. “ಹುಟ್ಟಿದ್ದಕ್ಕ ತಿಂಗಳಿಗೆ ಮೂರು ದಿನಾ ಕೂತು ಉಣ್ಣತಿದ್ವಿ. ನಾವು ಹೇಳಿದ್ದನ್ನ ಕೇಳ್ಕೊಂಡು ಸುಮ್ಮ ಹೋಗಬಾರದಿತ್ತೇನಪಾ?”

ಸಂಜೆ ಅವರು ಹೊರಡುವಾಗ ಓಣಿಯ ಎಲ್ಲ ಮನೆಗಳಿಂದಲೂ ಹೊಗೆ ಏಳುತ್ತಿತ್ತು. ಹಿತ್ತಲುಗಳಲ್ಲಿ ನಗುವಿರಲಿಲ್ಲ.

ರೈಲಿನಲ್ಲಿ ಬಿಂದುಮಾಧವ ಕಿಟಕಿಗೆ ಹಣೆ ಹಚ್ಚಿ ಕೂತ. ಥಟ್ಟನೆ ನೆನಪಾಯಿತು: ಬೆಳಿಗ್ಗೆ ವೈನಿಯ ಹಣೆಯ ಮೇಲೂ ಬೆವರಿತ್ತು! ತಾಯಿ ಹೋದ ಮೇಲೆ ತನಗೆ ತುತ್ತು ಕಲಸಿಟ್ಟು ಬೆಳೆಸಿದ ಕಾಶೀಬಾಯಿ ವೈನಿಗೆ ಐವತ್ತು ದಾಟಿತ್ತು. ಅಣ್ಣನ ಕಡೆ ತಿರುಗಿದ.

“ಅಣ್ಣಾ, ಕಟ್ಟಿ ಮ್ಯಾಲೆ ನಿದ್ದಿ ಹತ್ತಿತ್ತೇನು?”

“ಛಲೋ ಹತ್ತಿತ್ತಪಾ,” ರಾಯರು ಆಕಳಿಸಿದರು.

ಸದ್ಯ, ಈ ಒಂದು ಮನೆಯಾದರೂ ಉಳಿಯಿತು. ಇನ್ನು ಜನ್ಮದಲ್ಲಿ ಬಾಯಿ ಬಿಡಲಾರೆ ಎಂದುಕೊಂಡ.

ಮನೆಯಲ್ಲಿ ಕಾಶೀಬಾಯಿ ಹಿತ್ತಲಲ್ಲಿ ಕಾಲು ಚಾಚಿ, ಮೊರದಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು. “ಬಂದ್ರೇನು? ರಾತ್ರಿಗೇನು ಸುಡ್ತೀರಿ?” ಎಂದು ನಕ್ಕಳು.

ಮಾರ್ತಾಂಡರಾಯರು ಟೋಪಿ ತೆಗೆದು ಗೂಟಕ್ಕೆ ಹಾಕಿದರು. ಮೊರವನ್ನು ನೋಡಿದರು, ಆಕೆಯ ಹಣೆಯನ್ನು ನೋಡಿದರು.

“ಗೊರಕಿ ಹೊಡಿಯೂ ಸೋಂಗು ಮಾಡ್ತಾ ಮಾಡ್ತಾ ಕುತಗಿ ನೋವ ಬಂತು,” ಎಂದರು. “ಏಳು. ಸ್ನಾನಾ ಮಾಡಿ ಅಡಗಿಗಿಡು.”

ಕಾಶೀಬಾಯಿಯ ಕೈಯ ಮೊರ ನಿಂತಿತು. ಎದ್ದಳು. ಬಚ್ಚಲಿಗೆ ಹೋಗುವಾಗ, ಬಾಗಿಲಿಗೆ ಅಂಟಿ ನಿಂತಿದ್ದ ಮೈದುನನ ಮುಂದೆ ನಿಂತಳು.

“ನಿಂತ ಮ್ಯಾಲೆ ಹೆಂಗಸರಿಗೆ ಏನಾಗ್ತದಂತ ಊರೂರು ಕೇಳ್ತಿದ್ದೆಲ್ಲಾ, ಬಿಂದೂ? ಬಾ, ಒಲಿ ಹಂತೇಕ ಕೂಡು. ದಿನಾ ತೋರಸ್ತೀನಿ.”