ನಾಲ್ಕನೇ ನಂಬರಿನ ಚಾಂಪಿಯನ್ನರು

ಮಂಗಳವಾರ, ಬುಧವಾರ ಬಂತೆಂದರೆ ನನ್ನ ಪಾಲಿಗೆ ಏನಾದರೊಂದು ಕಾದಿರುತ್ತದೆ. ಯುರೋಪಿನ ದೊಡ್ಡ ದೊಡ್ಡ ಫುಟ್‌ಬಾಲ್ ಕ್ಲಬ್ಬುಗಳು ಆಡುವ ಚಾಂಪಿಯನ್ಸ್ ಲೀಗ್ ಅನ್ನುವ ಪಂದ್ಯಾವಳಿ ಆ ಎರಡು ದಿನಗಳನ್ನು ಗುತ್ತಿಗೆ ಹಿಡಿದಿದೆ. ನಾನು ಧಾರವಾಡದವಳು. ಮದುವೆಯಾಗಿ ಲಂಡನ್ನಿನ ಕ್ರೋಯ್ಡನ್‌ಗೆ ಬಂದು, ಒಬ್ಬ ಜಿಪಿ ಡಾಕ್ಟರ ದವಾಖಾನೆಯಲ್ಲಿ ರಿಸೆಪ್ಶನಿಸ್ಟ್ ಆದೆ. ನಮ್ಮ ಮನೆಯವರು ಬಸ್ ಡ್ರೈವರ್. ನನಗೆ ಚೆಂಡು ದುಂಡಗಿದೆ ಅನ್ನುವುದು ಬಿಟ್ಟರೆ ಆ ಆಟದ ಬಗ್ಗೆ ಬೇರೇನೂ ಗೊತ್ತಿರಲಿಲ್ಲ. ಈಗ ಎಲ್ಲಾ ಗೊತ್ತು. ಅದಕ್ಕೇ ಸಿಟ್ಟು.

ಎರಡನೇ ಕಾಲು

ತೊಂಬತ್ತರ ದಶಕದ ನಡುವಿನ ಮಾತು. ನಾನು ಕೆಲಸಕ್ಕೆ ಸೇರಿ ಇನ್ನೂ ಎರಡು ತಿಂಗಳಾಗಿರಲಿಲ್ಲ. ರಸ್ತೆ ಅಗೆಯುವ ಕೆಲಸದ ಒಬ್ಬ ದಪ್ಪ ಮನುಷ್ಯ ಕಾಲು ಉಳುಕಿಸಿಕೊಂಡು ಬಂದು ತೋರಿಸಿಕೊಂಡು ಹೋಗಿದ್ದ. ಬುಧವಾರ ಸಂಜೆ ಮತ್ತೆ ಬರಬೇಕಿತ್ತು. ಸೋಮವಾರ ಫೋನ್ ಮಾಡಿದ.

"ಬುಧವಾರ ಬರೋಕಾಗಲ್ಲ, ಲವ್. ಸೆಕೆಂಡ್ ಲೆಗ್ ಇದೆ."

ಈ ಊರಲ್ಲಿ ಹಾಲು ಮಾರುವವನೂ ಲವ್ ಅನ್ನುತ್ತಾನೆ, ಅದಕ್ಕೆ ನಾನು ಹೊಂದಿಕೊಂಡಿದ್ದೆ. ಸೆಕೆಂಡ್ ಲೆಗ್‌ಗೆ ಹೊಂದಿಕೊಂಡಿರಲಿಲ್ಲ. "ಹಾಗಾದರೆ ಫಸ್ಟ್ ಲೆಗ್ ಹೇಗಿದೆ?" ಅಂತ ಕೇಳಿದೆ.

"ಅದು ಹೋಯ್ತು," ಅಂತ ನಿಟ್ಟುಸಿರು ಬಿಟ್ಟ. "ಇಟಲಿಯಲ್ಲಿ. ಕಣ್ಣಿಂದ ನೋಡೋಕಾಗಲಿಲ್ಲ."

"ಅಯ್ಯೋ! ಈಗ ಏನು ಮಾಡ್ತೀರಿ?"

"ಎರಡನೇದು ಹೋಮ್‌ನಲ್ಲಿದೆಯಲ್ಲ. ಇನ್ನೂ ಆಸೆ ಇದೆ."

ಉಳುಕಿದ ಕಾಲು ಇಟಲಿಗೆ ಹೋಗಿ ಕಳೆದೇ ಹೋಯಿತೇ ಎಂದು ಕಣ್ಣಲ್ಲಿ ನೀರು ತಂದುಕೊಂಡು ಡಾಕ್ಟರಿಗೆ ಹೇಳಿದೆ. ಪುಣ್ಯಾತ್ಮ ಡಾಕ್ಟರ್, ವಯಸ್ಸಾದವರು, ಫುಟ್‌ಬಾಲ್ ವಾಸನೆ ಇಲ್ಲದವರು. ಬುಧವಾರ ಸಂಜೆ ದವಾಖಾನೆಯ ಮಡಚುವ ಗಾಲಿಕುರ್ಚಿಯನ್ನು ತಾವೇ ಹೊತ್ತುಕೊಂಡು ಅವನ ಫ್ಲ್ಯಾಟಿಗೆ ಹೋದರು. ಲಿಫ್ಟ್ ಕೆಟ್ಟಿತ್ತು. ಮೂರು ಮಹಡಿ ಹತ್ತಿದರು. ಬೆಲ್ ಒತ್ತುವುದಕ್ಕೂ ಒಳಗೆ ಗೋಲಾಗುವುದಕ್ಕೂ ಸರಿಹೋಯಿತು. ಆ ಮನುಷ್ಯ ಎರಡೂ ಕಾಲಲ್ಲಿ ಕುಣಿಯುತ್ತಾ ಬಾಗಿಲು ತೆಗೆದು, ಕುರ್ಚಿ ನೋಡಿ, "ಇದು ಯಾರಿಗೆ?" ಎಂದ.

ಡಾಕ್ಟರು ಏದುಸಿರು ಬಿಡುತ್ತಾ, "ಈಗ ನನಗೇ ಬೇಕು," ಅಂತ ಅದರಲ್ಲಿ ಕೂತುಬಿಟ್ಟರಂತೆ.

ಮರುದಿನ ಬೈಸಿಕೊಂಡವಳು ನಾನು. ಅವರ ಊರಲ್ಲೊಂದು ಇವರ ಊರಲ್ಲೊಂದು ಅಂತ ಎರಡು ಆಟ ಆಡಿ, ಅವಕ್ಕೆ ಕಾಲು ಅಂತ ಹೆಸರಿಟ್ಟವರನ್ನು ಯಾರೂ ಬೈಯಲಿಲ್ಲ.

ಪೇಡೆ

ಈ ಕಪ್ಪಿನ ಇತಿಹಾಸವನ್ನು ನಮ್ಮ ಮನೆಯವರು ನನಗೆ ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ. ಐವತ್ತರ ದಶಕದಲ್ಲಿ ಶುರುವಾಯಿತಂತೆ. ಆಗೆಲ್ಲ ತಮ್ಮ ದೇಶದಲ್ಲಿ ಮೊದಲು ಬಂದ ಕ್ಲಬ್ಬಿಗಷ್ಟೇ ಪ್ರವೇಶ, ಸೋತವರು ಗಂಟುಮೂಟೆ ಕಟ್ಟಬೇಕು. ತೊಂಬತ್ತರ ದಶಕದಲ್ಲಿ ಹೆಸರು ಬದಲಾಯಿತು, ನಾಲ್ಕು ನಾಲ್ಕು ತಂಡಗಳ ಗ್ರೂಪುಗಳು ಬಂದವು. ಆಮೇಲೆ ಎರಡನೇ ನಂಬರಿನವರೂ ಬರಬಹುದು ಅಂದರು. ಮತ್ತೆರಡು ವರ್ಷಕ್ಕೆ ದೊಡ್ಡ ದೇಶಗಳಿಂದ ಮೂರನೆಯವರೂ ನಾಲ್ಕನೆಯವರೂ ಬಂದು ಕೂತರು.

"ನಾಲ್ಕನೇ ನಂಬರಿನವರು ಚಾಂಪಿಯನ್ ಹೆಂಗ್ರೀ?" ಅಂತ ಕೇಳಿದೆ.

"ನಿನಗ ತಿಳಿಯೂದಿಲ್ಲ ಬಿಡು," ಅಂದರು.

ನನಗೆ ತಿಳಿಯಲಿಲ್ಲ ಸರಿ. ಪಕ್ಕದಲ್ಲಿ ಕೂತಿದ್ದ ಎಂಟು ವರ್ಷದ ಮಗಳಿಗೆ ತಿಳಿಯಿತು. ಮುಂದೊಂದು ದಿನ ಶಾಲೆಯ ಸ್ಪೋರ್ಟ್ಸ್ ಡೇ ಮುಗಿಸಿ ಬಂದವಳೇ, "ಡ್ಯಾಡಿ, ಐ ಕ್ವಾಲಿಫೈಡ್ ಫಾರ್ ದ ಚಾಂಪಿಯನ್ಸ್!" ಎಂದು ಕೂಗಿದಳು. ಅಪ್ಪ ಹಿಂದೆ ಮುಂದೆ ಕೇಳದೆ ಧಾರವಾಡಕ್ಕೆ ಫೋನ್ ಹಚ್ಚಿ, "ಅಪ್ಪಾ, ನಿಮ್ಮ ಮೊಮ್ಮಗಳು ಓಟದಾಗ ಚಾಂಪಿಯನ್!" ಅಂದರು. ನಮ್ಮ ಮಾವನವರಿಗೆ ಅಷ್ಟು ಸಾಕು. ಇಡೀ ಓಣಿಗೆ ಪೇಡೆ ಹಂಚಿದರು. ಇಂಗ್ಲೆಂಡಿನ ಹುಡುಗಿಯರನ್ನೆಲ್ಲ ಹಿಂದೆ ಹಾಕಿದಳೆಂದು ಎದುರುಮನೆ ಮಾಸ್ತರರು ಫೋನಿನಲ್ಲಿ ನನ್ನನ್ನೇ ಅಭಿನಂದಿಸಿದರು.

ನನಗೆ ಅನುಮಾನ. ಮಗಳನ್ನು ಅಡಿಗೆಮನೆಗೆ ಕರೆದೆ. "ಖರೇ ಹೇಳು. ಎಷ್ಟನೇ ನಂಬರ್ ಬಂದಿ?"

"ಫೋರ್ತ್."

"ಹೋಗಲಿ. ಎಷ್ಟು ಮಂದಿ ಓಡಿದ್ರಿ?"

ಅವಳು ನನ್ನನ್ನು ಅಪ್ಪನ ಹಾಗೇ ಕನಿಕರದಿಂದ ನೋಡಿ, "ಮಮ್ಮೀ, ಒಂದು ಗ್ರೂಪಿನಲ್ಲಿ ನಾಲ್ಕೇ ಇರೋದು," ಅಂತ ಇಂಗ್ಲಿಷಿನಲ್ಲಿ ತಿಳಿಸಿ ಹೇಳಿದಳು.

ಹೊಟ್ಟೆನೋವು

ಆಡುವುದನ್ನು ನೋಡುವುದು ಒಂದು ಹುಚ್ಚಾದರೆ, ಆಡುವ ಮೊದಲು ಚೀಟಿ ಎತ್ತುವುದನ್ನು ನೋಡುವುದು ಇನ್ನೊಂದು. ಆಗಸ್ಟ್ ಕೊನೆಗೆ ಟಿವಿಯಲ್ಲಿ ಕೋಟು ತೊಟ್ಟವರು ನಿಂತು ಗಾಜಿನ ಬೋಗುಣಿಯಲ್ಲಿ ಕೈಯಾಡಿಸಿ, ಪುಟ್ಟ ಚೆಂಡು ತೆಗೆದು, ತಿರುವಿ, ಒಳಗಿನ ಚೀಟಿ ಓದುತ್ತಾರೆ. ಯಾವ ತಂಡ ಯಾವ ಗ್ರೂಪಿಗೆ ಅಂತ. ಅದನ್ನು ನೋಡಲು ನಮ್ಮ ಮನೆಯವರು ಒಂದು ಮಧ್ಯಾಹ್ನ ಡಿಪೋಗೆ ಚಕ್ಕರ್ ಹೊಡೆದರು. ನನಗೆ ಹೇಳಲಿಲ್ಲ. ನಾನು ದವಾಖಾನೆಯಲ್ಲಿದ್ದೆ.

ಅವತ್ತೇ ಅವರ ಡಿಪೋ ಮ್ಯಾನೇಜರು ಬಿಪಿ ತೋರಿಸಲು ನಮ್ಮ ದವಾಖಾನೆಗೆ ಬರಬೇಕೇ! ಕೌಂಟರಿಗೆ ಬಂದವರು ತಗ್ಗಿದ ದನಿಯಲ್ಲಿ, "ನಿಮ್ಮ ಯಜಮಾನರು ಈಗ ಹೇಗಿದ್ದಾರೆ?" ಎಂದರು.

"ಅವರಿಗೇನಾಗಿದೆ?"

"ಹೊಟ್ಟೆ ಕೆಟ್ಟಿದೆಯಂತಲ್ಲ. ರಾತ್ರಿ ಮನೆಯಲ್ಲಿ ತಿಂದ ಬದನೆಕಾಯಿ ಆಗಿಬರಲಿಲ್ಲ ಅಂದರು."

ಸುಳ್ಳು ಹೇಳಲಿ, ಯಾರು ಬೇಡ ಅಂದರು? ಜ್ವರ ಅನ್ನಬಹುದಿತ್ತು, ತಲೆನೋವು ಅನ್ನಬಹುದಿತ್ತು. ನನ್ನ ಎಣ್ಣೆಗಾಯಿ ಬದನೆಕಾಯಿಯ ಮೇಲೆ ಹಾಕಬೇಕಿತ್ತೇ? ಬೆಳಿಗ್ಗೆ ಉಳಿದದ್ದನ್ನೂ ಎರಡು ರೊಟ್ಟಿ ಜೊತೆ ಬಳಿದು ತಿಂದ ಮನುಷ್ಯ!

ನಾನು ನಗುತ್ತಲೇ ಹೇಳಿದೆ: "ಹೊಟ್ಟೆ ಇನ್ನೂ ಕೆಟ್ಟಿಲ್ಲ ಸಾರ್. ಇವತ್ತು ಸಂಜೆ ಕೆಡುತ್ತದೆ."

ಅತ್ತೆಯವರು ಕಂಡ ಲಂಡನ್

ಇದು ಎರಡು ಸಾವಿರದ ಇಸವಿಯ ಆಚೀಚೆ ನಡೆದದ್ದು. ಅತ್ತೆಯವರು ಆರು ತಿಂಗಳ ವೀಸಾದಲ್ಲಿ ಸೆಪ್ಟೆಂಬರಿನಲ್ಲಿ ಬಂದರು. ಅವರಿಗೆ ಇದ್ದದ್ದು ಒಂದೇ ಆಸೆ. ದೊಡ್ಡ ಹಡಗು ಬಂದಾಗ ನಡುವೆ ಎರಡು ಹೋಳಾಗಿ ಮೇಲೇಳುವ ಥೇಮ್ಸ್ ನದಿಯ ಸೇತುವೆ ನೋಡಬೇಕು. ಅದನ್ನು ಮಗನೇ ಕೈಹಿಡಿದು ತೋರಿಸಬೇಕು. ನಾನು ಭಾನುವಾರ ಕರಕೊಂಡು ಹೋಗ್ತೀನಿ ಅಂದರೆ, "ನೀ ತೋರಿಸಿದರ ಏನ್ ಬಂತವಾ? ಹಡದಾಂವ ಅಲ್ಲೇನು ತೋರಿಸಬೇಕು," ಅಂದರು. ಹಡೆದವರು ತಾವೇ ಅನ್ನುವುದು ಆ ಭರದಲ್ಲಿ ಮರೆತುಹೋಗಿತ್ತು.

ಮಗನಿಗೆ ವಾರದ ರಜೆ ಮಂಗಳವಾರ, ಬುಧವಾರ. ಬೇಡಿ ಪಡೆದದ್ದು. ಹಗಲು ಪೇಪರ್ ಓದಿ ತಯಾರಿ, ಸಂಜೆ ಆಟ.

"ಅವ್ವಾ, ಈ ಗ್ರೂಪ್ ಒಂದು ಮುಗೀಲಿ," ಅಂದರು. ಆರು ಆಟ. ಅತ್ತೆಯವರು ಗೋಡೆಯ ಕ್ಯಾಲೆಂಡರಿನಲ್ಲಿ ಒಂದೊಂದಾಗಿ ಗೀಟು ಹಾಕಿದರು. ನವೆಂಬರಿನ ಒಂದು ಮಂಗಳವಾರ ಆರನೆಯದೂ ಮುಗಿಯಿತು. ಮರುದಿನ ಬೆಳಿಗ್ಗೆ ಅವರು ಇಳಕಲ್ ಸೀರೆ ಉಟ್ಟು, ಮೇಲೆ ನನ್ನ ಕೋಟು ತೊಟ್ಟು, ಕಾಲುಚೀಲ ಹಾಕಿಕೊಂಡು ಬಾಗಿಲ ಬಳಿ ಕೂತಿದ್ದರು.

"ಎಲ್ಲಿಗೆ ಅವ್ವಾ?"

"ಗ್ರೂಪ್ ಮುಗೀತಲ್ಲೋ."

ಮಗ ತಲೆ ಕೆರೆದುಕೊಂಡರು. "ಈಗ ನಿಯಮ ಬದಲಾಗ್ಯಾದ ಅವ್ವಾ. ಗೆದ್ದವರನ್ನ ಕೂಡಿಸಿ ಮತ್ತೊಂದು ಗ್ರೂಪ್ ಮಾಡ್ಯಾರ. ಮತ್ತ ಆರು ಆಟ."

ಅತ್ತೆಯವರು ಎದ್ದರು. ಕೋಟು ಕಳಚಿ ಗೂಟಕ್ಕೆ ಹಾಕಿದರು. ಆ ಕೋಟಿನ ಗುಂಡಿ ಬಿಚ್ಚುತ್ತಿದ್ದ ಕೈ ನೋಡಿ ನನಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ. ಗ್ರೂಪಿನ ಮೇಲೆ ಗ್ರೂಪ್ ಹೇರಿದ ಪುಣ್ಯಾತ್ಮರಿಗೂ ತಾಯಂದಿರು ಇದ್ದಿರಬೇಕಲ್ಲ! ಆ ಎರಡನೇ ಗ್ರೂಪಿನ ಕೊನೆಯ ಆಟಕ್ಕೆ ಮೊದಲೇ ಅವರ ವೀಸಾ ಮುಗಿಯಿತು. ಕೆಲವು ವರ್ಷಕ್ಕೆ ಎರಡನೇ ಗ್ರೂಪನ್ನೇ ತೆಗೆದುಹಾಕಿದರು. ಅತ್ತೆಯವರ ಶಾಪ ತಟ್ಟಿತೆಂದೇ ನನ್ನ ನಂಬಿಕೆ.

ಧಾರವಾಡದಲ್ಲಿ ಓಣಿಯ ಹೆಂಗಸರು ಸುತ್ತುವರಿದು ಕೇಳಿದರಂತೆ, "ಲಂಡನ್ ಹೆಂಗದರೀ?"

"ಭಾಳ ಹಸಿರು ಅದರವಾ. ನಡುನಡುವ ಬಿಳಿ ಗೆರಿ ಹೊಡದಾರ. ಗಂಡಸರೆಲ್ಲಾ ಚಡ್ಡಿ ಮ್ಯಾಲೆ ಓಡಾಡ್ತಾರ, ಕಂಡಕಂಡಲ್ಲೆ ಉಗಳ್ತಾರ."

ಇದು ಯಾರ ಮನೆ?

ನಮ್ಮದೊಂದು ಪುಟ್ಟ ಕನ್ನಡ ಬಳಗ ಇತ್ತು. ಕ್ರೋಯ್ಡನ್ನಿನವರು, ಲಂಡನ್ನಿನ ಇನ್ನೊಂದು ತುದಿಯ ಕ್ವೀನ್ಸ್‌ಬರಿಯವರು ಸೇರಿ ಹತ್ತು ಹನ್ನೆರಡು ಮನೆ. ಒಂದು ವರ್ಷ ಕೇರಂ ಪಂದ್ಯ ನಡೆಸುವ ಕೆಲಸ ನಮ್ಮ ಮನೆಯವರ ಕೈಗೆ ಬಿತ್ತು. ಒಂದು ಭಾನುವಾರ ಕೂತು ಆಡಿ ಎದ್ದು ಹೋಗುವ ಆಟಕ್ಕೆ ಇವರು ಗ್ರೂಪು, ಎರಡೆರಡು ಲೆಗ್ಗು ಎಲ್ಲಾ ತಂದು ತುರುಕಿ ಮೂರು ತಿಂಗಳು ಎಳೆದರು. ಕೊನೆಗೆ ಫೈನಲಿಗೆ ಬಂದವರು ಯಾರು? ಒಂದು ಕಡೆ ನಮ್ಮ ಮನೆಯವರು, ಅವರ ಕ್ವೀನ್ಸ್‌ಬರಿಯ ಗೆಳೆಯ. ಇನ್ನೊಂದು ಕಡೆ ನಾನು, ನನ್ನ ಜೊತೆಗೆ ಮಂಗಳೂರಿನ ಒಬ್ಬ ಆಂಟಿ. ಭಾನುವಾರದ ಪೂಜೆ ಮುಗಿಸಿ ಚರ್ಚಿನಿಂದ ನೇರ ಬಂದು ಕೂತು, ಸ್ಟ್ರೈಕರಿಗೆ ಶಿಲುಬೆಯ ಗುರುತು ಮಾಡಿ ಹೊಡೆಯುವವರು.

ಮೊದಲ ಲೆಗ್ ಕ್ವೀನ್ಸ್‌ಬರಿಯಲ್ಲಿ ಆಯಿತು. ಗೆಳೆಯನ ಮನೆ. ನಾವು ಸೋತೆವು. ಎರಡನೆಯದು ನಮ್ಮ ಫ್ಲ್ಯಾಟಿನಲ್ಲಿ. ಬಳಗವೆಲ್ಲ ನೆರೆದಿತ್ತು. ಅವತ್ತು ಆಂಟಿಯ ಕೈಯಲ್ಲಿ ದೇವರೇ ಕೂತಿದ್ದ. ಭರ್ಜರಿಯಾಗಿ ಗೆದ್ದೆವು. ಎರಡೂ ಲೆಗ್ ಕೂಡಿಸಿ ನೋಡಿದರೆ ನಲವತ್ತಮೂರು, ನಲವತ್ತಮೂರು. ಸರಿಸಮ.

ನಮ್ಮ ಮನೆಯವರು ಎದ್ದು ಗಂಟಲು ಸರಿಮಾಡಿಕೊಂಡರು. "ಸಮ ಆದರ, ಎದುರಿನವರ ಮನಿಯೊಳಗ ಯಾರು ಹೆಚ್ಚು ಪಾಯಿಂಟ್ ಹೊಡದಾರೋ ಅವರು ಗೆದ್ದಂಗ. ಯುರೋಪಿನಾಗ ಹಂಗೇ ಅದ. ನೀವು ಕ್ವೀನ್ಸ್‌ಬರಿಯೊಳಗ ಹೊಡದದ್ದು ಹದಿನಾಲ್ಕು. ನಾವು ಇಲ್ಲೆ ಹೊಡದದ್ದು ಹದಿನೆಂಟು. ಕಪ್ ನಮ್ಮದು!"

"ಎಂತ ಮಾರಾಯ್ರೆ," ಆಂಟಿ ಎದ್ದರು. "ಇದು ನಿಮ್ಮದೇ ಮನೆ ಅಲ್ವಾ? ನೀವು ಹೊರಗಿನವರು ಹೇಗೆ ಆಗ್ತೀರಿ?"

"ಏ, ಇದು ಆಕಿ ಮನಿ," ಅಂತ ನನ್ನ ಕಡೆ ಕೈತೋರಿಸಿದರು. "ಎಲ್ಲಾ ಆಕೀದಽ ನಡೀತದ. ನಾ ಬರೇ ಬಂದು ಹೋಗಾಂವ."

ಎಲ್ಲರೂ ನಕ್ಕರು. ನನಗೆ ಸಿಟ್ಟು ನೆತ್ತಿಗೇರಿತು. ಕಸ ಒಯ್ಯಿರಿ ಅಂದರೆ ಇದೇ ಮಾತು, ನಲ್ಲಿ ಸೋರುತ್ತದೆ ಅಂದರೆ ಇದೇ ಮಾತು. ಈಗ ಅದೇ ಮಾತಿನಿಂದ ಕಪ್ಪನ್ನೂ ಗೆಲ್ಲುವುದೇ?

ನಾನು ಒಳಗೆ ಹೋಗಿ ಅವರ ಕೋಟು ತಂದೆ, ಬೂಟು ತಂದೆ. ಬಾಗಿಲು ತೆಗೆದು ಎರಡನ್ನೂ ಹೊರಗಿಟ್ಟೆ.

"ಇದೇನು?"

"ಆಟ ಮುಗೀತಲ್ರೀ. ಹೊರಗಿನ ತಂಡದವರು ತಮ್ಮ ಊರಿಗೆ ಹೋಗಬೇಕು."

ತಮಾಷೆ ಅಂದುಕೊಂಡು ನಗುತ್ತಲೇ ಹೊರಗೆ ಕಾಲಿಟ್ಟರು. ನಾನು ಬಾಗಿಲು ಹಾಕಿ ಚಿಲಕ ಜಡಿದೆ.

ಐದು ನಿಮಿಷ ನಗು ಕೇಳಿಸಿತು. ಆಮೇಲೆ ಬೆಲ್ ಕೇಳಿಸಿತು. ನಾನು ಬಾಗಿಲಿನ ಟಪಾಲು ಕಿಂಡಿ ಎತ್ತಿ, "ಒಳಗ ಬರಬೇಕಂದ್ರ ಒಂದಽ ಮಾತು ಹೇಳ್ರಿ. ಇದು ಯಾರ ಮನಿ?" ಅಂದೆ.

ಒಳಗಿಂದ ಕ್ವೀನ್ಸ್‌ಬರಿಯ ಗೆಳೆಯ ಕೂಗಿದ: "ನಿಮ್ಮದು ಅನ್ನಬ್ಯಾಡ್ರೀ! ಅಂದ್ರೆ ಕಪ್ ಹೋಯ್ತು!"

ನಾನು ಹೋಗಿ ಬಂದವರಿಗೆಲ್ಲ ಮಿರ್ಚಿ ಭಜಿ ಕರಿಯಲು ಶುರುಮಾಡಿದೆ. ಅಡಿಗೆಮನೆಯ ಕಿಟಕಿ ತೆಗೆಯಲಿಲ್ಲ. ವಾಸನೆ ಎಲ್ಲಿಗೆ ಹೋಗಬೇಕೋ ಅಲ್ಲಿಗೇ ಹೋಯಿತು. ಮೂರನೇ ಸಲದ ಭಜಿ ಎಣ್ಣೆಗೆ ಬೀಳುವಷ್ಟರಲ್ಲಿ ಹೊರಗಿನ ಧೈರ್ಯ ಕುಸಿಯಿತು. ನಮ್ಮ ಮನೆಯವರು ಬಾಗಿಲು ಗುದ್ದಿ, ಇಡೀ ಮಹಡಿಗೆ ಕೇಳುವ ಹಾಗೆ, ಕನ್ನಡದಲ್ಲೊಮ್ಮೆ ಇಂಗ್ಲಿಷಿನಲ್ಲೊಮ್ಮೆ ಒದರಿದರು: "ಇದು ನನ್ನ ಮನಿ! ದಿಸ್ ಈಸ್ ಮೈ ಹೋಮ್!"

ಕಪ್ಪು ಆಮೇಲೆ ಟಾಸಿನಲ್ಲಿ ನನಗೂ ಆಂಟಿಗೂ ಬಂತು, ಆ ಮಾತು ಬಿಡಿ. ನನ್ನ ಹೊಟ್ಟೆ ತಣ್ಣಗಾದದ್ದು ಟಾಸಿಗೂ ಮೊದಲೇ. ಆ ಗದ್ದಲಕ್ಕೆ ಎದುರು ಫ್ಲ್ಯಾಟಿನ ಇಂಗ್ಲಿಷ್ ಅಜ್ಜಿ ಬಾಗಿಲು ತೆಗೆದರು. ಒಂಬತ್ತು ವರ್ಷದಿಂದ ಅಲ್ಲೇ ಇರುವವರು, ದಿನಾ ನಾನು ಕಸದ ಚೀಲ ಹಿಡಿದು ಲಿಫ್ಟಿಗೆ ನಡೆಯುವುದನ್ನು ನೋಡುವವರು. ಕನ್ನಡಕ ಏರಿಸಿ ನಮ್ಮ ಮನೆಯವರನ್ನು ಅಡಿಯಿಂದ ಮುಡಿತನಕ ನೋಡಿ ಹೇಳಿದರು:

"ನಿಮ್ಮ ಮನೆಯೇ? ಕ್ಷಮಿಸಿ, ನಾನು ಇಷ್ಟು ವರ್ಷ ನೀವು ಅವರ ಹತ್ತಿರ ಒಂದು ರೂಮು ಬಾಡಿಗೆಗೆ ಹಿಡಿದಿದ್ದೀರಿ ಅಂದುಕೊಂಡಿದ್ದೆ."